ಮಣ್ಣಿನ ಬೆಟ್ಟದ ಮೇಲೆ ಹೆಜ್ಜೆಗಳು

"ದೇವರಾಣೆಗೂ ನಾನಲ್ಲ ಚಿಕ್ಕಪ್ಪ!"

"ಮತ್ತಿನ್ಯಾರೇ? ಬೆಟ್ಟದಾಗೆ ತಾನಾಗೇ ಗುಳಿ ಬೀಳ್ತದಾ?"

ಓಂಕಾರಮೂರ್ತಿ ಚಿಕ್ಕಪ್ಪ ಹಲಗೆಯ ಮೇಲೆ ಬಗ್ಗಿ ನೋಡಿದ. ಹಾಲಮ್ಮನೂ ಬಗ್ಗಿದಳು. ಹಲಗೆಯ ಮೇಲೆ ಇದ್ದದ್ದು ನೇಪಾಳ ದೇಶ. ಅಜ್ಜಂಪುರದ ಕೆರೆಯಿಂದ ಜೇಡಿಮಣ್ಣು ತಂದು, ಐದನೇ ಕ್ಲಾಸಿನ ಹಾಲಮ್ಮನೇ ಅಟ್ಲಾಸ್ ನೋಡಿ ನೋಡಿ ಮಾಡಿದ ದೇಶ.

ಚಿಕ್ಕಪ್ಪ ಮತ್ತು ಅವನ ಗೆಳೆಯ, ಸೈಕಲ್ ಶಾಪಿನ ಜಯದೇವಪ್ಪ, ದಸರಾ ಮುಗಿದ ಮೇಲೆ ಐದು ವಾರ ಸೈಕಲ್ಲಿನಲ್ಲಿ ನೇಪಾಳ ಸುತ್ತುವವರಿದ್ದರು. ಬೀರೂರಿನಲ್ಲಿ ಸೈಕಲ್ಲುಗಳನ್ನು ರೈಲಿಗೆ ಹಾಕುವುದು, ಗಡಿಯಲ್ಲಿ ಇಳಿಸಿಕೊಂಡು ತುಳಿಯುವುದು. "ಅಟ್ಲಾಸ್ ಚಪ್ಪಟೆ ಇರತ್ತೆ ಚಿಕ್ಕಪ್ಪ. ಎಲ್ಲಿ ಹತ್ಬೇಕು, ಎಲ್ಲಿ ಇಳೀಬೇಕು ಅಂತ ಗೊತ್ತಾಗಲ್ಲ. ನಮ್ಮ ಸ್ಕೂಲಲ್ಲಿ ಮಣ್ಣಲ್ಲಿ ಮ್ಯಾಪ್ ಮಾಡ್ತೀವಿ" ಎಂದು ದಾರಿ ತೋರಿಸಿದವಳೂ ಹಾಲಮ್ಮನೇ. ಕೆಂಪು ದಾರ ಎಂದರೆ ರಸ್ತೆ. ಬೆಂಕಿಕಡ್ಡಿಯ ಬಾವುಟ ಎಂದರೆ ರಾತ್ರಿ ತಂಗುವ ಊರು.

ಈಗ ಆ ದೇಶದಲ್ಲಿ ಯಾರೋ ನಡೆದಾಡಿದ್ದರು. ಬೆಟ್ಟದ ಬುಡದಿಂದ ಎತ್ತರದ ಘಾಟಿಯವರೆಗೆ ಪುಟ್ಟ ಪುಟ್ಟ ಗುಳಿಗಳು. ಎಡಕ್ಕೊಂದು, ಬಲಕ್ಕೊಂದು. ಘಾಟಿಯ ತುದಿಗೆ ಬಂದು ನಿಂತುಬಿಟ್ಟಿದ್ದವು. ನಿನ್ನೆ ಹಾಲಮ್ಮ ಅವನ್ನು ಸವರಿ ಅಳಿಸಿದ್ದಳು. ಇವತ್ತು ಮತ್ತೆ ಬಂದಿದ್ದವು. ಯಾರೂ ನೀರು ಹಾಕಿರಲಿಲ್ಲ, ಆದರೂ ಮಣ್ಣು ಹಸಿಯಾಗಿತ್ತು.

ಜಯದೇವಪ್ಪನ ಮುಖ ಸಪ್ಪಗಾಯಿತು. "ಮೂರ್ತಿ, ನಾನ್ ಮೊದ್ಲೇ ಹೇಳ್ದೆ. ಆ ಘಾಟಿ ಬ್ಯಾಡ ಕಣೋ. ಸುತ್ತಿ ಹೋಗೋಕೆ ಹೊಸ ರೋಡ್ ಆಗೈತಂತೆ. ಗೇರಿಲ್ಲದ ಸೈಕಲ್ನಾಗೆ ಯಾಕ್ ಬೇಕು?"

"ಘಾಟಿ ದಾಟ್ಲೇಬೇಕು" ಎಂದ ಚಿಕ್ಕಪ್ಪ. ಯಾಕೆ ಎಂದರೆ ಹೇಳುವವನಲ್ಲ. ಅಭ್ಯಾಸಕ್ಕೆಂದು ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹೋದಾಗ ಇಬ್ಬರೂ ಸೈಕಲ್ ತಳ್ಳಿಕೊಂಡೇ ಹತ್ತಿದ್ದು ಊರಿಗೆಲ್ಲ ಗೊತ್ತು. ಆದರೂ ಮೊಂಡುತನಕ್ಕೇನೂ ಕಡಿಮೆಯಿರಲಿಲ್ಲ.

"ನೋಡು ಹಾಲಮ್ಮ, ಇನ್ನೊಂದ್ ಸಲ ಹಿಂಗಾದ್ರೆ ಈ ಹಲಗೆ ಜಯದೇವನ ಶಾಪಿಗೆ ಹೋಗ್ತದೆ. ನೀನು ಆ ಕಡೆ ತಲೆ ಹಾಕೂ ಹಂಗಿಲ್ಲ."

ಹಾಲಮ್ಮನಿಗೆ ಅಳು ಒತ್ತಿ ಬಂತು. ತಾನು ಮಾಡಿದ ದೇಶದಿಂದ ತನ್ನನ್ನೇ ಓಡಿಸುವುದೆಂದರೆ! ಕಳ್ಳರನ್ನು ಹಿಡಿಯಲೇಬೇಕು ಎಂದುಕೊಂಡಳು. ಆದರೆ ಹೆದರಿಕೆಯೂ ಆಯಿತು. ಅದಕ್ಕೆ ಕಾರಣ ಹಲಗೆ ಇಟ್ಟಿದ್ದ ಹಿಂದಿನ ಕೋಣೆಯ ಗೂಟಕ್ಕೆ ನೇತುಹಾಕಿದ್ದ ಕಂಬಳಿ.

ಅದು ಬೆನಕಪ್ಪಜ್ಜನ ಕಂಬಳಿ. ಚಿಕ್ಕಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಅಜ್ಜ ಊರವರ ಜೊತೆ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೋಗಿದ್ದ. ಆಗ ಬೆಟ್ಟವನ್ನು ನಡೆದೇ ಹತ್ತಬೇಕಿತ್ತು. ಒಂದು ಘಾಟಿಯ ತುದಿಯಲ್ಲಿ, "ಎಕ್ಕಡ ಬಿಗ್ಕಂಡ್ ಬತ್ತೀನಿ, ನೀವ್ ನಡೀರಿ" ಎಂದನಂತೆ. ಅಷ್ಟರಲ್ಲಿ ಮಂಜು ಕವಿಯಿತು. ಜೊತೆಯವರು ತಿರುಗಿ ಹೋಗಿ ನೋಡಿದರೆ ಕಂಬಳಿ ಮಾತ್ರ ಬಂಡೆಯ ಮೇಲಿತ್ತು. ಅಜ್ಜ ಎಲ್ಲೂ ಇರಲಿಲ್ಲ.

ಆ ಕಂಬಳಿ ಕಣ್ಣಿಗೆ ಬೀಳಬಾರದೆಂದೇ ಕರಿಬಸಮ್ಮಜ್ಜಿ ಹಿಂದಿನ ಕೋಣೆಗೆ ಕಾಲಿಡುವುದಿಲ್ಲ ಎಂದು ಅಮ್ಮ ಹೇಳಿದ್ದಳು. ಚಿಕ್ಕಪ್ಪನ ಟೂರಿಗೂ ಅಜ್ಜಿ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಕೇಳಿದಾಗಲೆಲ್ಲ ಮೊರ ಹಿಡಿದು ರಾಗಿ ಕೇರಲು ಕೂರುತ್ತಿದ್ದಳು.

ಶನಿವಾರ ಬೆಳಗಿನ ಸ್ಕೂಲು. ಹಾಲಮ್ಮ ಮನೆಗೆ ಬಂದಾಗ ಸುಡುಸುಡು ಮಧ್ಯಾಹ್ನ. ಅಪ್ಪ ಅಮ್ಮ ಈರುಳ್ಳಿ ಹೊಲದಲ್ಲಿದ್ದರು. ಚಿಕ್ಕಪ್ಪ ಸೈಕಲ್ ಶಾಪಿನಲ್ಲಿದ್ದ. ಜಗಲಿಯ ಮೇಲೆ ಅಜ್ಜಿಯ ಮೊರ ಮಾತ್ರ ಇತ್ತು, ಅಜ್ಜಿ ಇರಲಿಲ್ಲ. ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ.

ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಾಲಮ್ಮ ಬೆಕ್ಕಿನ ಹಾಗೆ ಒಳಗೆ ಹೋಗಿ ರಾಗಿ ಚೀಲಗಳ ಹಿಂದೆ ಅಡಗಿ ಕೂತಳು.

ಕಂಬಳಿ ಅಲುಗಿತು.

ಗಾಳಿ ಇರಲಿಲ್ಲ. ಮತ್ತೆ ಅಲುಗಿತು. ಹಾಲಮ್ಮ ಕಣ್ಣನ್ನು ಮೆಲ್ಲಗೆ ಕೆಳಗಿಳಿಸಿದಳು. ಕಂಬಳಿಯ ಕೆಳಗೆ ಎರಡು ಪಾದಗಳಿದ್ದವು!

ಹಾಲಮ್ಮ ಚೀಲಗಳ ಹಿಂದೆ ಇನ್ನಷ್ಟು ಮುದುಡಿದಳು. ಕಂಬಳಿ ಪಕ್ಕಕ್ಕೆ ಸರಿಯಿತು. ಅದರ ಹಿಂದಿನಿಂದ ಬಂದವಳು ಅಜ್ಜಿ. ಯಾರೋ ಬಂದ ಸದ್ದಿಗೆ ಅವಳೂ ಅಡಗಿ ನಿಂತಿದ್ದಳು.

ಅಜ್ಜಿ ಆ ಕಡೆ ಈ ಕಡೆ ನೋಡಿದಳು. ಚೊಂಬಿನ ನೀರನ್ನು ಬೆಟ್ಟಗಳ ಮೇಲೆ ಚಿಮುಕಿಸಿದಳು. ಆಮೇಲೆ ಹಲಗೆಯ ಮುಂದೆ ಕೂತು ಎರಡು ಬೆರಳನ್ನು ಮಣ್ಣಿನ ಮೇಲಿಟ್ಟು ನಡೆಸತೊಡಗಿದಳು. ಎಡಕ್ಕೊಂದು, ಬಲಕ್ಕೊಂದು.

"ನಿಧಾನ... ಕಲ್ಲೈತೆ, ನೋಡ್ಕಂಡು... ಸುಸ್ತಾದ್ರೆ ಕುಂತ್ಕಳ್ರಿ..."

ಯಾರ ಜೊತೆ ಮಾತಾಡುತ್ತಿದ್ದಾಳೆ? ಬೆರಳುಗಳು ಘಾಟಿಯ ತುದಿಗೆ ಹೋಗಿ ನಿಂತವು.

ಹೆದರಿಕೆ ಎಲ್ಲಿ ಹೋಯಿತೋ, ಹಾಲಮ್ಮ ಎದ್ದು ಬಂದಳು. "ಅಜ್ಜಿ, ಯಾಕೆ ಇಲ್ಲೇ ನಿಲ್ಲಿಸ್ತೀಯ?"

ಅಜ್ಜಿ ಬೆಚ್ಚಿದಳು. ಬೈಯಲಿಲ್ಲ. "ಇಲ್ಲೀಗಂಟ ನಿಮ್ಮಜ್ಜ ಬಂದಿದ್ದನ್ನ ನೋಡಿದ್ದೋರು ಹೇಳಿದ್ರು ಕಣೇ. ಅದರಾಚೆ ಏನೈತೋ, ನಂಗೇನ್ ಗೊತ್ತು?"

"ನಂಗೆ ಗೊತ್ತು. ನಾನೇ ಅಲ್ವಾ ಮಾಡಿದ್ದು!"

ಹಾಲಮ್ಮ ತನ್ನ ಎರಡು ಬೆರಳನ್ನು ಅಜ್ಜಿಯ ಬೆರಳ ಪಕ್ಕದಲ್ಲಿ ಇಟ್ಟಳು. "ಇಲ್ಲಿಂದ ಇಳಿಜಾರು ಅಜ್ಜಿ. ಬಾ."

ಅಜ್ಜಿಯ ಬೆರಳು ಮೇಲೆದ್ದಿತು, ನಿಂತಿತು, ಕೊನೆಗೆ ಆಚೆ ಬದಿಗೆ ಇಳಿಯಿತು.

"ಇದು ಹೊಳೆ. ಇಲ್ಲೇ ಪಶುಪತಿ ದೇವಸ್ಥಾನ."

"ಆಮೇಲೆ?" ಎಂದಳು ಅಜ್ಜಿ.

"ಆಮೇಲೆ ವಾಪಸ್. ಇಲ್ಲಿ ರೈಲ್ವೆ ಸ್ಟೇಷನ್. ಹತ್ತಿದ್ರೆ ಬೀರೂರು."

ಸಂಜೆ ಚಿಕ್ಕಪ್ಪ ಹಲಗೆಯನ್ನು ನೋಡಿ ಬೈಯಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಘಾಟಿ ದಾಟಿ ದೊಡ್ಡ ಗುಳಿಗಳು, ಪಕ್ಕದಲ್ಲೇ ಪುಟ್ಟ ಗುಳಿಗಳು, ಹೋಗಿ ತಿರುಗಿ ಬಂದಿದ್ದವು. ಜಗಲಿಯ ಮೇಲೆ ಅಜ್ಜಿ ಕಡ್ಡಿಯಿಂದ ಉಗುರಿನ ಮಣ್ಣು ತೆಗೆಯುತ್ತಾ ಕೂತಿದ್ದಳು.

"ಲೇ ಮೂರ್ತಿ, ಆ ಘಾಟಿ ಮ್ಯಾಲೆ ಚಳಿ ಜಾಸ್ತಿ ಕಣೋ. ನಿಮ್ಮಪ್ಪನ ಕಂಬಳಿ ತೆಗ್ದು ನಾಳೆ ಬಿಸ್ಲಿಗೆ ಹಾಕು. ಕ್ಯಾರಿಯರ್‌ಗೆ ಕಟ್ಕಂಡ್ ಹೋಗು."

ಚಿಕ್ಕಪ್ಪ ಗೂಟದಿಂದ ಕಂಬಳಿ ತೆಗೆದು, ಅದರಲ್ಲಿ ಮುಖ ಒತ್ತಿಕೊಂಡು ಬಹಳ ಹೊತ್ತು ನಿಂತ. ಬಾಗಿಲಲ್ಲಿದ್ದ ಹಾಲಮ್ಮ ಅದನ್ನು ನೋಡಿದಳು. ಹೊಸ ರೋಡಿನ ಮಾತನ್ನು ಚಿಕ್ಕಪ್ಪ ಕಿವಿಗೇ ಹಾಕಿಕೊಳ್ಳದೆ ಇದ್ದದ್ದು ಯಾಕೆ ಎಂದು ಇನ್ನು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಜಯದೇವಪ್ಪ ಬಂದ. "ಏನೇ ಹಾಲಮ್ಮ, ಕಳ್ಳರು ಸಿಕ್ಕಿದ್ರಾ?"

"ಇಲ್ಲ" ಎಂದಳು ಹಾಲಮ್ಮ. ಚೊಂಬು ತೆಗೆದುಕೊಂಡು, ಘಾಟಿ ಬಿರುಕು ಬಿಡದಂತೆ ಮೆಲ್ಲಗೆ ನೀರು ಚಿಮುಕಿಸಿದಳು.