ಎರಿ ಮಣ್ಣಿನ ಪಂಚನಾಮೆ

೨೦೦೪ ಜೂನ್ ೭, ಸೋಮವಾರ, ಬೆಳಿಗ್ಗೆ ಒಂಬತ್ತೂ ಕಾಲು. ನಾಚಾರಂ ಠಾಣೆಗೆ ಮಂಗಳೂರು ಮೂಲದ ಕಾರ್ಖಾನೆ ಮಾಲೀಕ ಋಷಭ್ ಏದುಸಿರು ಬಿಡುತ್ತ ಬಂದರು. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ; ಕೇಬಲ್ಲಿಗಾಗಿ ರಸ್ತೆ ಅಗೆಯದ ದಿನವಿರಲಿಲ್ಲ. ನೆಲದಡಿ ಏನಿದೆ ಎಂದು ರೇಡಿಯೊ ಅಲೆಯಿಂದ ತೋರಿಸುವ ಯಂತ್ರಕ್ಕೆ ಋಷಭ್ ಆಂಟೆನಾ ಮಾಡಿಸುತ್ತಿದ್ದರು. ಹೊಸ ವಿನ್ಯಾಸದ ಎರಡೂ ಶುಕ್ರವಾರ ಸಂಜೆ ಇದ್ದವು; ಈಗ ಒಂದು ಕಾಣೆಯಾಗಿತ್ತು. ಮಾರನೆಯ ದಿನ ಶಂಶಾಬಾದಿನಲ್ಲಿ ಅಗೆತ. ಎರಡೂ ಇಲ್ಲದೆ ಅಲ್ಲಿನ ಗುತ್ತಿಗೆದಾರ ಕೆಲಸ ಶುರು ಮಾಡುವುದಿಲ್ಲ.

ಇನ್‌ಸ್ಪೆಕ್ಟರ್ ಸೀತಾರಾಮ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಸಾಬಣ್ಣನೊಂದಿಗೆ ಹತ್ತೂವರೆಗೆ ಸ್ಥಳಕ್ಕೆ ಹೋದರು. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಬಳಿ: ಮಾಲೀಕರು, ಆಂಟೆನಾ ವಿನ್ಯಾಸ ಮಾಡಿದ ಮೈಸೂರಿನ ಎಂಜಿನಿಯರ್ ಕೃಪಾ, ಕಾವಲುಗಾರ ಅಮರಯ್ಯ. ಇಂಥ ಕಡೆ ಮೊದಲ ಅನುಮಾನ ಬಡವನ ಮೇಲೆಯೇ. ಸಾಬಣ್ಣನೂ ಅಮರಯ್ಯನನ್ನೇ ಮೂಲೆಗೆ ಕರೆದ.

“ಶನಿವಾರ ಯಾರು ಬಂದಿದ್ರು?”

“ಮ್ಯಾಡಂ ಒಬ್ರೇ ರಿ. ಐದಕ್ಕ ಹೋದ್ರು.”

“ಕೈಯಾಗ ಏನಿತ್ತು?”

“ಬರೇ ಟಿಫಿನ್ ಡಬ್ಬಿ ರಿ. ನಾ ಕದ್ದಿಲ್ಲ ಸಾಹೇಬ್ರ, ಮಕ್ಕಳ ಆಣಿ.”

ಗ್ಯಾಸ್ ಒಲೆಯಷ್ಟು ಅಗಲದ ಆಂಟೆನಾ ಪೆಟ್ಟಿಗೆ ಟಿಫಿನ್ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಮಾಲು ಗೇಟು ದಾಟಿಯೇ ಇಲ್ಲವೆಂದು ಸೀತಾರಾಮರಿಗೆ ಅನ್ನಿಸಿತು. ಕೃಪಾಳ ಕಡೆ ತಿರುಗಿದರು.

“ಯಾರ ಮ್ಯಾಲೆ ಸಂಶಯ ಐತ್ರಿ?”

“ಯಾರ ಮೇಲೂ ಇಲ್ಲ. ಅಮರಯ್ಯ ಅಂತೂ ತೆಗೆದಿಲ್ಲ.”

“ಅಷ್ಟು ಖಾತ್ರಿ ಹೆಂಗ?”

ಅವಳು ಹಿತ್ತಲ ಬಾಗಿಲ ಕಡೆ ನೋಡಿದಳು. ಸೀತಾರಾಮರು ಅತ್ತಲೇ ನಡೆದರು.

ಹಿತ್ತಲಲ್ಲಿ ಪರೀಕ್ಷೆಗೆಂದು ಎರಡು ಗುಂಡಿಗಳಿದ್ದವು. ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ಕರಿಮಣ್ಣು, ಅಂದರೆ ಎರಿ ಮಣ್ಣು. ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ, ಉಳಿದ ಆಂಟೆನಾ ಕೂರಿಸಿದ ತಳ್ಳುಗಾಡಿಯನ್ನು ಎರಡರ ಮೇಲೂ ಓಡಿಸಲು ಮಾಲೀಕರಿಗೆ ಹೇಳಿದರು. ಮರಳಿನಲ್ಲಿ ಹೂತಿದ್ದ ಪೈಪು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿತು. ಕರಿಮಣ್ಣಿನ ಮೇಲೆ ಮೂರು ಸಲ ಓಡಿಸಿದರೂ ಏನೂ ಕಾಣಲಿಲ್ಲ.

“ಇಲ್ಲೇನೂ ಇಲ್ಲ ಸರ್,” ಎಂದರು ಋಷಭ್.

ಸಾಬಣ್ಣ ನಾರಾಯಣಪೇಟೆ ಕಡೆಯ ರೈತನ ಮಗ. ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಸುಕಿ ನೋಡಿದ.

“ಎರಿ ಮಣ್ಣು ಹಸಿ ಐತ್ರಿ ಸರ್. ಮಳಿ ಇನ್ನಾ ಬಂದಿಲ್ಲ. ಯಾರೋ ನೀರು ಹೊಡದಾರ.”

ಅಗೆಸಿದರು. ಒಂದೂವರೆ ಅಡಿಗೇ ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ ಸಿಕ್ಕಿತು. ಋಷಭ್ ಅವರದು ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆಯಾಗಿತ್ತು.

“ನಾನೇ ಹೂತಿಟ್ಟೆ,” ಎಂದಳು ಕೃಪಾ.

“ಯಾಕ?”

“ಅಲೆ ಆಳಕ್ಕೆ ಇಳೀಬೇಕಾದ್ರೆ ಆಂಟೆನಾದ ತಾಮ್ರದ ತಗಡು ದೊಡ್ಡದಿರಬೇಕು. ಗಾಡಿ ಪುಟ್ಟದಾಗಲಿ ಅಂತ ನಮ್ಮ ಮಾಲೀಕರು ಅರ್ಧಕ್ಕೆ ಇಳಿಸಿದ್ರು. ಒಣ ಮರಳಲ್ಲಿ ನಡೆಯುತ್ತೆ. ಹಸಿ ಕರಿಮಣ್ಣು ಅಲೆಯನ್ನೇ ನುಂಗಿಬಿಡುತ್ತೆ. ನಾಳೆ ಅಗೆಯೋದು ಕೆರೆ ಪಕ್ಕ; ಈ ಮಣ್ಣು ಅಲ್ಲಿಂದಲೇ ತರಿಸಿದ್ದು. ಒಂದು ಸಲ ಇದಕ್ಕೆ ನೀರು ಹಾಕಿ ಪರೀಕ್ಷೆ ಮಾಡೋಣ ಅಂತ ಎರಡು ತಿಂಗಳು ಬೇಡಿದೆ. ಕೇಳಲಿಲ್ಲ. ಅದಕ್ಕೇ ಆಂಟೆನಾವನ್ನೇ ಹೂತು ನೀರು ಹಾಕಿದೆ, ಹುಡುಕುವಾಗಲಾದ್ರೂ ಪರೀಕ್ಷೆ ಆಗಲಿ ಅಂತ.”

ಮಾರ್ಚಿನಲ್ಲಿ ಮೆಹದಿಪಟ್ಟಣಂ ಬಳಿ, ನೆಲದಡಿ ಏನೂ ತೋರಿಸದ ಹಳೆಯ ಆಂಟೆನಾ ನಂಬಿ ‘ಇಲ್ಲಿ ಅಗೆಯಿರಿ’ ಎಂದು ಚಾಕಿನ ಗೆರೆ ಎಳೆದವಳು ಅವಳೇ. ಸೇಡಂ ಕಡೆಯ ಕೂಲಿ ಸಾಯಿಕುಮಾರನ ಹಾರೆ ಕರೆಂಟಿನ ಕೇಬಲ್ಲಿಗೆ ತಗುಲಿತು. ಇಪ್ಪತ್ತೆರಡರ ಪ್ರಾಯ, ಅಲ್ಲೇ ಸತ್ತ. ಆಕಸ್ಮಿಕವೆಂದು ಕಡತ ಮುಚ್ಚಲಾಗಿತ್ತು.

“ಮೂರು ಸಲ ಓಡಿಸಿದರೂ ಯಂತ್ರಕ್ಕೆ ಕಾಣಲಿಲ್ಲ ಅಂತ ಪಂಚನಾಮೆಯಲ್ಲಿ ಬರೀತೀರಾ ಸರ್?” ಕೃಪಾ ಕೇಳಿದಳು.

“ಅದೆಲ್ಲ ಯಾಕೆ? ಮಾಲು ಸಿಕ್ತಲ್ಲ,” ಎಂದರು ಋಷಭ್.

“ನಡದದ್ದು ಬರೀಬೇಕ್ರಿ,” ಎಂದು ಸೀತಾರಾಮರು ಆ ಸಾಲನ್ನು ತಾವೇ ಬರೆದು ಪಂಚರ ಸಹಿ ಹಾಕಿಸಿದರು.

ಕಳವು ಕಳವೇ. ಮಹಿಳಾ ಕಾನ್‌ಸ್ಟೇಬಲ್ ಕರೆಸಿ, ಮಧ್ಯಾಹ್ನ ೧.೪೦ಕ್ಕೆ ಕೃಪಾಳನ್ನು ಬಂಧಿಸಿದರು. ಠಾಣೆಯಿಂದ ಸೀತಾರಾಮರು ಶಂಶಾಬಾದಿನ ಗುತ್ತಿಗೆದಾರನಿಗೆ ಫೋನ್ ಹಚ್ಚಿ ಆ ಸಾಲು ಓದಿ ಹೇಳಿದರು. ನಾಳೆಯ ಅಗೆತ ನಿಲ್ಲಿಸುತ್ತೇನೆ ಎಂದ ಅವನು.

“ಎಷ್ಟು ಜನ ಅಗೆಯೋರಿದ್ರಂತೆ ಸರ್ ಅಲ್ಲಿ?” ಬೆಂಚಿನ ಮೇಲಿಂದ ಕೃಪಾ ಕೇಳಿದಳು.

“ನಲವತ್ತು ಮಂದಿ.”

ಅಷ್ಟು ಹೊತ್ತೂ ಗಟ್ಟಿಯಾಗಿ ಕೂತಿದ್ದವಳು ಆಗ ಅಳತೊಡಗಿದಳು.