ಸರ್ವೆ ಮೇಡಂ ಮತ್ತು ಚಪ್ಪಲಿ ಸಾಹೇಬ

"ಅಳೋರನ್ನೂ ಲೆಕ್ಕ ಹಾಕ್ತಾ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವಳು ಬೆಚ್ಚಿ ತಲೆ ಎತ್ತಿದಳು. ಪೊರಕೆ ಹಿಡಿದ ಯುವಕನೊಬ್ಬ ಎದುರು ನಿಂತಿದ್ದ. ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

ಅದು ವಿಮಾನ ನಿಲ್ದಾಣದ ಪ್ರಾರ್ಥನಾ ಕೊಠಡಿ. ಎಲ್ಲ ಧರ್ಮದವರಿಗೂ ಅದೊಂದೇ ಕೋಣೆ. ಬೂದು ಬಣ್ಣದ ಕಾರ್ಪೆಟ್, ಗೋಡೆಗೆ ಒರಗಿಸಿದ ಎಂಟು ಕುರ್ಚಿ, ಪ್ರಾರ್ಥನೆಯ ದಿಕ್ಕು ತೋರಿಸಲು ಚಾವಣಿಗೆ ಅಂಟಿಸಿದ ಬಾಣದ ಗುರುತು. ಯಾವ ದೇವರ ಚಿತ್ರವೂ ಇಲ್ಲ. ಮೂಲೆಯಲ್ಲಿ ಒಬ್ಬ ಹೆಂಗಸು ಬೋರ್ಡಿಂಗ್ ಪಾಸನ್ನು ಎದೆಗವಚಿಕೊಂಡು ಬಿಕ್ಕುತ್ತಿದ್ದಳು. ಅವಳೆದುರು ಕೂತು ನಮ್ಮ ಹುಡುಗಿ ಫಾರಂ ತುಂಬುತ್ತಿದ್ದಳು. 'ಬೆಳಿಗ್ಗೆ ೯.೪೦. ಮಹಿಳೆ. ಸುಮಾರು ಐವತ್ತು. ಒಂಟಿ. ಅಳು.'

"ನನ್ನ ಹತ್ರ ಅನುಮತಿ ಪತ್ರ ಇದೆ," ಎಂದಳು ಬಿಗಿಯಾಗಿ.

"ಇರ್ಲಿ ಬಿಡಿ. ಆಯಮ್ಮನ್ನ ಕೇಳಿದ್ರಾ?"

ಅವನು ಬಗ್ಗಿ ಪೆನ್ನು ಎತ್ತಿಕೊಟ್ಟ. ಆಮೇಲೆ ಬಾಗಿಲ ಬಳಿ ಹೋಗಿ, ಅಳುತ್ತಿದ್ದವಳ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟ, ಹೋಗುವಾಗ ಮೆಟ್ಟಿಕೊಳ್ಳಲು ಸುಲಭವಾಗಲೆಂದು.

'ಏನು ಜಂಭ ಈ ಮನುಷ್ಯನಿಗೆ!' ಎಂದುಕೊಂಡಳು.

ಆದರೆ ಆ ಫಾರಮ್ಮನ್ನು ಅವಳು ಯಾರಿಗೂ ತೋರಿಸಲಿಲ್ಲ. ನಾಲ್ಕಾಗಿ ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು.

ಅವಳದು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ. ದೇಶ ಬಿಟ್ಟು ದೇಶಕ್ಕೆ ಹೋಗುವ ಜನ ತಮ್ಮ ದೇವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರಾ, ಇಲ್ಲಾ ದಾರಿಯಲ್ಲೇ ಕೈಬಿಡುತ್ತಾರಾ? ಇದು ಅವಳ ಪ್ರಶ್ನೆ. ಅದನ್ನು ಹಿಡಿದುಕೊಂಡು ದಿನಾ ಆ ಕೋಣೆಗೆ ಬರುತ್ತಿದ್ದಳು.

ಅವನು ಆ ಕೋಣೆಯ ಮೇಲ್ವಿಚಾರಕ. ಕಾರ್ಪೆಟ್ ಗುಡಿಸುವುದು, ಕಾಲು ತೊಳೆಯುವ ಜಾಗ ಒರೆಸುವುದು, ಬಂದವರ ಪಾದರಕ್ಷೆ ಜೋಡಿಸುವುದು, ಎಲ್ಲವೂ ಅವನದೇ. ನಿಲ್ದಾಣದವರೆಲ್ಲ ಅವನನ್ನು 'ಚಪ್ಪಲಿ ಸಾಹೇಬ' ಎಂದು ಕರೆಯುತ್ತಿದ್ದರು. ಅವನು ಇವಳಿಗೆ 'ಸರ್ವೆ ಮೇಡಂ' ಎಂದು ಹೆಸರಿಟ್ಟ.

"ಸರ್ವೆ ಮೇಡಂ, ಅಲ್ಲಿ ನೋಡಿ. ಆ ಪೈಲಟ್ ಬರೋದು ಮೂರೇ ನಿಮಿಷಕ್ಕೆ. ಕೈ ಮುಗಿಯಲ್ಲ, ಮಂಡಿ ಊರಲ್ಲ. ಸುಮ್ನೆ ಕೂತು ಎದ್ದು ಹೋಗ್ತಾರೆ."

"ಯಾವ ಧರ್ಮ ಅವರದು?"

"ಅವರಿಗೇ ಗೊತ್ತಿದೆಯೋ ಇಲ್ವೋ! ನಾನ್ಯಾಕೆ ಕೇಳ್ಲಿ?"

ಎರಡು ವಾರ ಕಳೆಯುವಷ್ಟರಲ್ಲಿ ಅವಳು ಫಾರಂ ಬದಿಗಿಟ್ಟು ಅವನ ಜೊತೆ ಕುರ್ಚಿ ಒರೆಸಲು ಶುರುಮಾಡಿದ್ದಳು! ಮೂರನೇ ವಾರದಲ್ಲಿ, ಅವನ ರಜೆಯ ದಿನ ಆ ಕೋಣೆಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ.

ಒಂದು ಮಧ್ಯಾಹ್ನ ಕೋಣೆ ಖಾಲಿಯಾಗಿತ್ತು. ಏನೆನಿಸಿತೋ, ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು.

"ನಾನು ದಿನಾ ಬೆಳಿಗ್ಗೆ ಅಮ್ಮನ ಪಕ್ಕ ನಿಂತು ಪ್ರಾರ್ಥನೆ ಮಾಡ್ತೀನಿ. ಅಂದ್ರೆ... ಬರೀ ತುಟಿ ಅಲ್ಲಾಡಿಸ್ತೀನಿ. ಏಳು ವರ್ಷದಿಂದ ಒಳಗೆ ಏನೂ ಇಲ್ಲ. ಅಮ್ಮನಿಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ."

ಅವನು ಒರೆಸುವ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟ.

"ನಾನು ಧರ್ಮಗುರು ಆಗೋಕೆ ಎಂಟು ವರ್ಷ ಓದಿದೋನು. ದೀಕ್ಷೆಗೆ ಆರು ತಿಂಗಳಿತ್ತು. ಒಂದಿನ ಪ್ರಾರ್ಥನೆಗೆ ಬಾಯಿ ತೆಗೆದೆ... ಆ ಕಡೆ ಯಾರೂ ಇಲ್ಲ ಅನ್ನಿಸ್ತು. ಬಿಟ್ಟುಬಂದೆ. ಅವತ್ತಿಂದ ನಮ್ಮಮ್ಮ ನನ್ನ ಜೊತೆ ಮಾತಾಡಿಲ್ಲ."

"ಮತ್ತೆ ಈ ಕೆಲಸ ಯಾಕೆ?"

"ನನಗೆ ಬಾಗಿಲು ಮುಚ್ಚಿದೆ ಅಂತ ಬೇರೆಯವರಿಗೂ ಮುಚ್ಚೋಕಾಗುತ್ತಾ?" ಅವನು ಮುಖ ತಿರುಗಿಸಿದ. "ಇದನ್ನ ಬರೀಬೇಡಿ."

"ಇಲ್ಲ," ಎಂದಳು. ಮನಸ್ಸಿನಿಂದಲೇ ಹೇಳಿದ್ದಳು.

ಆದರೆ ಆ ಸಂಜೆ ಮನೆಗೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಮಾತು ಕಿವಿಯಲ್ಲೇ ಗುಂಯ್‌ಗುಡುತ್ತಿತ್ತು. ಬರೆದರೆ ಮನಸ್ಸು ಹಗುರವಾದೀತೆಂದು ತನಗಾಗಿಯೇ ನಾಲ್ಕು ಪುಟ ಬರೆದಳು. ಕಂಪ್ಯೂಟರಿನಲ್ಲಿ, ಅವಳ ಪ್ರಬಂಧದ ಗೈಡ್ ಆಗಿದ್ದ ಪ್ರೊಫೆಸರ್ ಕೂಡ ತೆರೆಯಬಹುದಾದ ಅದೇ ಫೋಲ್ಡರಿನಲ್ಲಿ! ಅದು ಅವಳ ತಲೆಗೇ ಹೋಗಲಿಲ್ಲ.

ಹದಿನೈದು ದಿನಕ್ಕೆ ಪತ್ರಿಕೆಯಲ್ಲಿ ಗೈಡ್ ಅವರ ಭಾಷಣ ಬಂತು. 'ಇಂದಿನ ಜಗತ್ತಿನಲ್ಲಿ ಪ್ರಾರ್ಥನಾ ಕೊಠಡಿ ಕಾಯುವವನಿಗೇ ದೇವರಲ್ಲಿ ನಂಬಿಕೆಯಿಲ್ಲ. ನಮ್ಮ ಸಂಶೋಧನೆಯಲ್ಲೇ ಅಂಥ ಒಬ್ಬರಿದ್ದಾರೆ. ಧರ್ಮಗುರುವಾಗಲು ಎಂಟು ವರ್ಷ ಓದಿ, ದೀಕ್ಷೆಗೆ ಮೊದಲೇ ಬಿಟ್ಟುಬಂದವರು...'

ಎರಡು ದಿನ ವಿಶ್ವವಿದ್ಯಾಲಯದ ಕೆಲಸದಲ್ಲಿದ್ದ ಅವಳು ಅದನ್ನು ತಡವಾಗಿ ಓದಿ ವಿಮಾನ ನಿಲ್ದಾಣಕ್ಕೆ ಓಡಿದಳು. ಕೋಣೆಯಲ್ಲಿ ಬೇರೆ ಯಾರೋ ಕಾರ್ಪೆಟ್ ಗುಡಿಸುತ್ತಿದ್ದರು. ಕೊಠಡಿಯ ಸಲಹಾ ಸಮಿತಿ ಅವನನ್ನು ಕಳೆದುಹೋದ ಲಗೇಜಿನ ವಿಭಾಗಕ್ಕೆ ಕಳಿಸಿಬಿಟ್ಟಿತ್ತು.

ವಾರಸುದಾರರಿಲ್ಲದ ಸೂಟ್‌ಕೇಸುಗಳ ನಡುವೆ ಅವನು ಚೀಟಿ ಅಂಟಿಸುತ್ತಿದ್ದ.

"ನಾನು ಬೇಕಂತ ಮಾಡಿಲ್ಲ... ಗೈಡು ನನ್ನನ್ನ ಕೇಳದೇನೇ..."

"ಬರೆದಿದ್ದು ಯಾರು?"

"...ನಾನು."

"ಓದಿದೆ ನಾನು, ಪತ್ರಿಕೆಯಲ್ಲಿ. ನನ್ನ ಕಥೆ ಪೂರ್ತಿ ಇದೆ. ನಿಮ್ಮದು ಎಲ್ಲಿ ಮೇಡಂ?" ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. "ನೀವು ತುಟಿ ಅಲ್ಲಾಡಿಸೋದು ಯಾವ ಪುಟದಲ್ಲೂ ಇಲ್ಲ. ನಿಮ್ಮ ಮನೆ ಬಾಗಿಲು ಭದ್ರವಾಗಿ ಹಾಕ್ಕೊಂಡು ನನ್ನ ಮನೇದನ್ನ ತೆಗೆದುಬಿಟ್ರಿ."

ಆ ಮಾತು ಎದೆಗೆ ನಾಟಿತು. ಯಾಕೆಂದರೆ ಅದು ನಿಜವಾಗಿತ್ತು.

ಮುಂದಿನ ದಿನಗಳಲ್ಲಿ ಅವಳಿಗೆ ಅನ್ನ ಸೇರಲಿಲ್ಲ, ಓದು ಹತ್ತಲಿಲ್ಲ. ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ... ಸುತ್ತಿದ್ದೇ ಸುತ್ತಿದ್ದು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಕೊನೆಗೆ ಪೆಡಲ್ ನಿಲ್ಲಿಸಿದಳು.

"ಏನೇ ಇದು, ಬಾಲ ಸುಟ್ಟ ಬೆಕ್ಕಿನ ಥರ! ಕೂತ್ಕೊಂಡು ಹೇಳು."

ಅವಳು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಅವನದ್ದು, ತಾನು ಬರೆದದ್ದು, ಕೊನೆಗೆ ಏಳು ವರ್ಷದ ಸುಳ್ಳು ಪ್ರಾರ್ಥನೆ...

ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

"ನೀನು ಬರೀ ತುಟಿ ಅಲ್ಲಾಡಿಸೋದು ನನಗೆ ಮೊದಲಿಂದ ಗೊತ್ತು ಕಣೇ. ಹೆತ್ತೋಳಿಗೆ ಅಷ್ಟೂ ತಿಳಿಯಲ್ವಾ?"

"ಅಮ್ಮ! ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ನಿಲ್ಲೋದನ್ನೂ ಬಿಟ್ಟುಬಿಡ್ತಿದ್ದೆ. ನಿಮ್ಮಪ್ಪ ಹೋದ್ಮೇಲೆ ನನ್ನ ಪಕ್ಕ ಒಬ್ಬರು ನಿಲ್ಲೋದೇ ನನಗೆ ದೊಡ್ಡದಾಗಿತ್ತು."

ಅವಳು ಅಮ್ಮನ ಮಡಿಲಲ್ಲಿ, ಅರ್ಧ ಹೊಲಿದ ಬಟ್ಟೆಯ ಮೇಲೇ ಮುಖವಿಟ್ಟು ಅತ್ತಳು. ಅಮ್ಮ ಮೆಲ್ಲಗೆ ಕೇಳಿದಳು.

"ಆ ಹುಡುಗನ ದೇವರೂ ನಮ್ಮ ದೇವರೂ ಬೇರೆ ಅಲ್ವೇನೇ?"

"ಅವರಿಗೆ ಸದ್ಯಕ್ಕೆ ಯಾವ ದೇವರೂ ಇಲ್ಲಮ್ಮ."

"ಅಯ್ಯೋ, ಅದು ಇನ್ನೂ ಕಷ್ಟ! ನಾನು ಯಾರ ಹತ್ರ ಹರಕೆ ಹೊರಲಿ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಮರುದಿನ ಅವಳು ಗೈಡ್ ಕಚೇರಿಗೆ ಹೋಗಿ, ಆ ಕೋಣೆಯ ಅಧ್ಯಾಯವನ್ನೇ ಪ್ರಬಂಧದಿಂದ ತೆಗೆಯುತ್ತೇನೆ ಎಂದಳು.

"ಅದೇ ನಿನ್ನ ಪ್ರಬಂಧದ ಜೀವ. ತೆಗೆದರೆ ಇನ್ನೊಂದು ವರ್ಷ ಕೆಲಸ," ಎಂದರು ಅವರು.

"ಮಾಡ್ತೀನಿ ಸರ್. ಆದ್ರೆ ಅವರ ಮಾತನ್ನ ನೀವು ಹಾಗೆ ಹೇಳಬಾರದಿತ್ತು. ನಾನೂ ಹಾಗೆ ಬರೀಬಾರದಿತ್ತು."

ಅಲ್ಲಿಂದ ನೇರ ಸಲಹಾ ಸಮಿತಿಯ ಮುಂದೆ ಹೋಗಿ ನಿಂತಳು. ಮೂರು ಧರ್ಮದ ಮೂವರು ಹಿರಿಯರು.

"ತಪ್ಪು ನನ್ನದು. ನಂಬಿ ಹೇಳಿದ್ದನ್ನ ಬರೆದೆ. ನನಗೂ ಏಳು ವರ್ಷದಿಂದ ನಂಬಿಕೆ ಇಲ್ಲ, ಅದನ್ನ ಮಾತ್ರ ಮುಚ್ಚಿಟ್ಟೆ. ನಿಮ್ಮ ಕೋಣೆಗೆ ನಾನು ಎರಡು ತಿಂಗಳು ಬಂದಿದ್ದೀನಿ. ಯಾರು ಯಾವ ಕಡೆ ಮುಖ ಮಾಡಿ ಕೂರ್ತಾರೆ, ಯಾರಿಗೆ ಮಂಡಿ ನೋವು, ಯಾರನ್ನ ಮಾತಾಡಿಸಬಾರದು, ಎಲ್ಲ ಅವರಿಗೆ ಗೊತ್ತು. ಭಕ್ತರು ಬಹಳ ಜನ ಸಿಗಬಹುದು. ಅಂಥವರು ಸಿಗಲ್ಲ."

ಮೂವರಲ್ಲಿ ಹಿರಿಯರಾದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡರು.

"ನೀನು ಅವನಿಗೆ ಏನಾಗಬೇಕಮ್ಮ?"

"ಇನ್ನೂ ಏನೂ ಆಗಿಲ್ಲ..." ಅವಳ ಕಿವಿ ಬಿಸಿಯಾಯಿತು. "ಆಗಬೇಕು ಅಂತ ಆಸೆ ಇದೆ."

ಅಜ್ಜಿ ಮೊದಲು ನಕ್ಕರು. ಆಮೇಲೆ ಪಕ್ಕದವರ ಕಡೆ ತಿರುಗಿ ಹೇಳಿದರು, "ನನಗೂ ಕೆಲವು ಬೆಳಿಗ್ಗೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತೆ. ನನ್ನನ್ನೂ ಲಗೇಜಿಗೆ ಕಳಿಸ್ತೀರೋ?"

ತೀರ್ಮಾನ ಆಮೇಲೆ ಹೇಳುತ್ತೇವೆ ಎಂದರು. ಎಂಟು ದಿನ ಕಳೆಯಿತು. ಅವನಿಂದ ಒಂದು ಫೋನೂ ಇಲ್ಲ.

ಒಂಬತ್ತನೇ ದಿನ ಸಂಜೆ ವಿಶ್ವವಿದ್ಯಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ಅವಳು ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಯಾರೋ ಬಂದು ಕೂತರು. ತಿರುಗಿ ನೋಡಿದಳು.

ಅವನು!

"ಕೆಲಸ ವಾಪಸ್ ಕೊಟ್ರು. ಸೋಮವಾರದಿಂದ," ಎಂದ, ರಸ್ತೆಯನ್ನೇ ನೋಡುತ್ತ. "ಸಮಿತೀಲಿ ಒಬ್ಬರು ಮಾತ್ರ ಇನ್ನೂ ಒಪ್ಪಿಲ್ಲ. ಮುಖ ಕೊಟ್ಟು ಮಾತಾಡಲ್ಲ. ಇರ್ಲಿ... ಅಜ್ಜಿ ನನಗೆ ಎಲ್ಲ ಹೇಳಿದ್ರು."

"ಎಲ್ಲ?"

"ಒಂದಕ್ಷರ ಬಿಡದೆ. ಕೋಪ ಇಳಿಯೋಕೆ ಎಂಟು ದಿನ ಬೇಕಾಯ್ತು. ಇನ್ನೂ ಒಂಚೂರು ಉಳಿದಿದೆ."

"ಇಟ್ಕೊಳ್ಳಿ. ನಾನು ಅದಕ್ಕೆ ತಕ್ಕವಳೇ."

"ನಿನ್ನೆ ನಮ್ಮಮ್ಮನಿಗೆ ಫೋನ್ ಮಾಡ್ದೆ. ಪತ್ರಿಕೆ ಓದಿದ್ಲಂತೆ. ಊಟ ಆಯ್ತಾ ಅಂದ್ಲು. ಅಷ್ಟೇ... ಆದ್ರೆ ಅಂದ್ಲು!" ಅವನ ಕಣ್ಣು ಒದ್ದೆಯಾಗಿತ್ತು. "ನನಗೆ ದೇವರ ಬಗ್ಗೆ ಈಗಲೂ ಏನೂ ಗೊತ್ತಿಲ್ಲ. ನಾಳೆ ನಂಬಿಕೆ ತಿರುಗಿ ಬಂದ್ರೂ ಬರಬಹುದು. ಅವತ್ತು ನೀನು..."

'ನೀನು' ಎಂದಿದ್ದ! ಮೊದಲ ಸಲ!

"ಅವತ್ತು ಪಕ್ಕದಲ್ಲಿ ನಿಂತಿರ್ತೀನಿ," ಎಂದಳು. "ಈ ಸಲ ತುಟಿ ಸುಮ್ನೆ ಅಲ್ಲಾಡಿಸಲ್ಲ."

"ನಿನ್ನ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ ಕಣೇ. ಅದಕ್ಕೇ ಅಷ್ಟು ಕೋಪ ಬಂದಿದ್ದು."

ಅವಳು ಅವನ ಅಂಗೈಯಲ್ಲಿ ತನ್ನ ಕೈ ಇಟ್ಟಳು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು.

"ನಿನ್ನ ಬಸ್ಸಲ್ವಾ ಇದು?"

"ಹೋಗ್ಲಿ ಬಿಡಿ."

"ಮುಂದಿನದು ಅರ್ಧ ಗಂಟೆಗೆ."

"ಅದೂ ಹೋಗ್ಲಿ."