ಭಾನುವಾರ ಕೆಮ್ಮುವ ಕಾರು

ಬೆಟ್ಟದ ಎರಡನೆಯ ತಿರುವಿನಲ್ಲಿ ಕಾರು ಮತ್ತೆ ಕೆಮ್ಮಿತು. ಸ್ಟಿಯರಿಂಗ್ ನಡುಗಿತು. ಎಂಜಿನ್ ದೀಪ ಮಿಟುಕತೊಡಗಿತು. ರೋಸ್ವಿತಾ ಹಲ್ಲು ಕಚ್ಚಿ ಆಕ್ಸಿಲರೇಟರ್ ತುಳಿದಳು. ಸದ್ದು ಹೆಚ್ಚಿತೇ ಹೊರತು ವೇಗ ಬರಲಿಲ್ಲ.

ಮೇಲಿನ ಹಳ್ಳಿಯ ಮುದುಕಿಯರು ಇನ್ಸುಲಿನ್ ಚುಚ್ಚಿಸಿಕೊಳ್ಳದೆ ತಿಂಡಿ ಮುಟ್ಟುವಂತಿರಲಿಲ್ಲ. ಮನೆಮನೆಗೆ ಹೋಗುವ ನರ್ಸ್ ಅವಳು. ಇನ್ನೊಮ್ಮೆ ತಡವಾದರೆ ಈ ಕೆಲಸ ಬೇರೆಯವರಿಗೆ ಎಂದು ಸಂಸ್ಥೆಯವರು ಹೇಳಿಯೂ ಆಗಿತ್ತು. ತೆವಳುತ್ತಾ ಹೋಗಿ ತಲುಪಿದಾಗ ತಡವಾಗಿಯೇ ಇತ್ತು.

ಇದಾಗಬಾರದಿತ್ತು. ಎರಡು ವಾರದ ಹಿಂದೆ ಇದೇ ಕೆಮ್ಮಿಗೆ ವೈರು ಬದಲಾಯಿಸಿ ಎಂಜಿನ್ನನ್ನು ಪೂರ್ತಿ ತೊಳೆಸಿದ್ದಳು. ಆಗ ಕಚ್ಚಿದ್ದು ಮಾರ್ಡರ್—ಬೆಕ್ಕಿಗಿಂತ ಚಿಕ್ಕದಾದ, ರಾತ್ರಿ ಬಾನೆಟ್ಟಿನೊಳಗೆ ನುಸುಳುವ, ಈ ಸೀಮೆಯ ಕಾರಿನವರೆಲ್ಲರ ಬೈಗುಳ ತಿಂದ ಪ್ರಾಣಿ. ತೊಳೆದ ಮೇಲೆ ಅದು ಕಚ್ಚುವುದಿಲ್ಲ ಎನ್ನುವುದು ಊರಿಗೇ ಗೊತ್ತು. ಹಾಗಾದರೆ ಈ ಸಲ ಯಾರು?

ಇನ್ಯಾರು, ಪಕ್ಕದ ಮನೆಯ ಮುದುಕ ರಾಪ್! ಭಾನುವಾರ ಹುಲ್ಲು ಕತ್ತರಿಸುವ ಸದ್ದೂ ಕೇಳಿಸಬಾರದ ಊರಿನಲ್ಲಿ ಇವಳ ಕಾರು ಬೆಳ್ಳಂಬೆಳಗ್ಗೆ ಗುಡುಗುವುದು ಅವನಿಗೆ ಆಗದು. “ಒಂದು ಭಾನುವಾರ ನಿಮ್ಮ ಗಾಡಿ ಏಳೋದೇ ಇಲ್ಲ, ನೋಡ್ತಿರಿ” ಎಂದು ಬೇಲಿಯಾಚೆಯಿಂದ ಅಂದೂ ಇದ್ದ. ಸಂಜೆಯೊಳಗೆ ಪೊಲೀಸ್ ದೂರು ಕೊಡುವುದೆಂದು ರೋಸ್ವಿತಾ ಸಿಕ್ಕವರಿಗೆಲ್ಲ ಹೇಳಿದಳು.

ಆದರೆ ದೂರಿಗೆ ಸಾಕ್ಷಿ ಬೇಕಲ್ಲ. ಮಧ್ಯಾಹ್ನ ಗಂಡ ಗೆಬ್‌ಹಾರ್ಡ್‌ನನ್ನು ಎಬ್ಬಿಸಿಕೊಂಡು ಹೆಡ್ವಿಗ್‌ಳ ಗ್ಯಾರೇಜಿಗೆ ಬಂದಳು. ಹೆಡ್ವಿಗ್ ಶಾಲೆಯ ಗೆಳತಿ; ಎಂಜಿನ್ನೂ ಗೊತ್ತು, ಮನುಷ್ಯರೂ ಗೊತ್ತು, ನಾಲಿಗೆಯೂ ಚುರುಕು. ಕಾರು ಒಳಗೆ ಬಂದ ಕೂಡಲೇ ಶಟರ್ ಎಳೆದುಬಿಟ್ಟಳು.

“ಭಾನುವಾರ ಸ್ಪ್ಯಾನರ್ ಹಿಡಿದಿದ್ದು ಯಾರಾದ್ರೂ ಕಂಡ್ರೆ, ರಾಪ್‌ಗಿಂತ ಮೊದಲು ನನ್ನ ಮೇಲೆ ದೂರು ಹೋಗುತ್ತೆ” ಎಂದಳು.

ಗೆಬ್‌ಹಾರ್ಡ್ ಗೋಡೆಗೆ ಒರಗಿ ನಿಂತ. ಬೇಕರಿಯಲ್ಲಿ ರೊಟ್ಟಿ ಸುಡುವವನು. ಶನಿವಾರವೊಂದು ಬಿಟ್ಟು ಉಳಿದ ರಾತ್ರಿಗಳಲ್ಲಿ ಒಲೆಯ ಮುಂದೆ ಇರುವವನು. ಹೋಗಲಿ ಬಿಡು, ಪೊಲೀಸರ ಸಹವಾಸ ಯಾಕೆ ಎಂದು ದಾರಿಯುದ್ದಕ್ಕೂ ಗೊಣಗಿದ್ದ.

ಹೆಡ್ವಿಗ್ ಎಂಜಿನ್ ಚಾಲೂ ಮಾಡಿ ಪ್ಲಗ್‌ನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದಳು. ಮೊದಲನೆಯದನ್ನು ಕಿತ್ತಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಕಿತ್ತರೆ—ಏನೂ ಬದಲಾಗಲಿಲ್ಲ. ಅದು ಮೊದಲೇ ಕೆಲಸ ಬಿಟ್ಟಿತ್ತು. ಪ್ಲಗ್ ಬದಲಾಯಿಸಿದಳು. ಕೆಮ್ಮು ನಿಲ್ಲಲಿಲ್ಲ. ಆಮೇಲೆ ಗ್ಯಾರೇಜಿನ ದೀಪ ಆರಿಸಿ, ವೈರಿನ ಮೇಲೆ ಹನಿಹನಿಯಾಗಿ ನೀರು ಚಿಮುಕಿಸಿದಳು.

ಕತ್ತಲಲ್ಲಿ ನೀಲಿ ಕಿಡಿಗಳು ಚಟಪಟ ಹಾರಿದವು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರುತ್ತಿತ್ತು.

“ನೋಡಿದ್ಯಾ, ಸೂಜಿ ಚುಚ್ಚಿದಾನೆ ಮುದುಕ!” ಎಂದಳು ರೋಸ್ವಿತಾ.

“ಸೂಜಿ ಅಲ್ಲ ಕಣೇ. ಮೇಲೆರಡು, ಕೆಳಗೆರಡು. ಇದು ಹಲ್ಲು. ಮತ್ತೆ ಮಾರ್ಡರ್.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದ ರೋಸ್ವಿತಾಗೆ ನಾಚಿಕೆಯಾಯಿತು. ಗೆಬ್‌ಹಾರ್ಡ್ ಹೊರಡಲು ಅಣಿಯಾದ. ಹೆಡ್ವಿಗ್ ಮಾತ್ರ ಬಾನೆಟ್ ಮುಚ್ಚಲಿಲ್ಲ.

“ಅದು ಹಸಿವಿಗೆ ಕಚ್ಚಲ್ಲ. ತನ್ನ ಜಾಗದಲ್ಲಿ ಇನ್ನೊಂದು ಮಾರ್ಡರಿನ ವಾಸನೆ ಬಂದ್ರೆ ಸಿಟ್ಟಿಗೆ ಕಚ್ಚುತ್ತೆ. ಹಳೇ ವಾಸನೆ ನಾನೇ ತೊಳೆದೆ. ಹೊಸದು ಎಲ್ಲಿಂದ ಬಂತು? ರಾತ್ರಿ ಕಾರು ಎಲ್ಲಿರುತ್ತೆ?”

“ನಮ್ಮ ಅಂಗಳದಲ್ಲಿ. ಇನ್ನೆಲ್ಲಿರುತ್ತೆ?”

“ಕೆಟ್ಟಿದ್ದು ಯಾವಾಗ?”

“ಎರಡೂ ಸಲ ಭಾನುವಾರ. ಅದಕ್ಕೇ ನಾನು ರಾಪ್ ಅಂದಿದ್ದು.”

ಬೆಳಗ್ಗೆ ಮನೆಯಿಂದ ಹೊರಬಿದ್ದಾಗಿನಿಂದ ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದಳು ಹೆಡ್ವಿಗ್. ರೋಸ್ವಿತಾ ಅಸಹನೆಯಿಂದಲೇ ಹೇಳಿದಳು: ಔಷಧದ ಪೆಟ್ಟಿಗೆ ಹಿಂದಿನ ಸೀಟಿಗೆ ಇಟ್ಟದ್ದು, ಗಾಜಿನ ಮೇಲಿನ ಇಬ್ಬನಿ ಒರೆಸಿದ್ದು, ಭಾನುವಾರ ಮಾತ್ರ ಇದೊಂದು ಪೀಡೆ ಎಂದು ಬೈದುಕೊಂಡದ್ದು—

“ನಿಲ್ಲು. ಬೇರೆ ದಿನ ಒರೆಸಲ್ವಾ?”

“ಬೇರೆ ದಿನ ಗಾಜು ಒಣಗಿರುತ್ತೆ.”

“ರಾಪ್ ಕಾರಿನ ಗಾಜು?”

ರೋಸ್ವಿತಾ ನೆನಪಿಸಿಕೊಂಡಳು. ಮುದುಕ ದಿನಾ ಬೆಳಗ್ಗೆ ಗಾಜು ಉಜ್ಜುತ್ತಾನೆ. ದಿನಾ ಒದ್ದೆಯಾಗಿಯೇ ಇರುತ್ತದೆ.

“ಹಾಗಾದ್ರೆ ನಿಮ್ಮನೆ ಇಬ್ಬನಿಗೆ ವಾರವೆಲ್ಲ ರಜೆ, ಭಾನುವಾರ ಮಾತ್ರ ಡ್ಯೂಟಿನಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೆಬ್‌ಹಾರ್ಡ್ ಜೇಬು ಮುಟ್ಟಿಕೊಂಡ. ಕಾರಿನ ಇನ್ನೊಂದು ಕೀಲಿ ಇದ್ದದ್ದು ಅಲ್ಲೇ.

“ಆಗಷ್ಟೇ ಓಡಿ ಬಂದ ಬಿಸಿ ಕಾರಿನ ಮೇಲೆ ಇಬ್ಬನಿ ನಿಲ್ಲಲ್ಲ,” ಎಂದಳು ಹೆಡ್ವಿಗ್. “ವಾರದ ರಾತ್ರಿಯೆಲ್ಲ ಇದು ಬೇರೆಲ್ಲೋ ನಿಲ್ಲುತ್ತೆ, ಅಲ್ಲಿನ ಮಾರ್ಡರ್ ಇದರೊಳಗೆ ಮಲಗೆದ್ದು ಹೋಗುತ್ತೆ. ಶನಿವಾರ ಮಾತ್ರ ಮನೇಲಿರುತ್ತೆ. ಆಗ ನಿಮ್ಮ ಅಂಗಳದ್ದು ಬಂದು ಮೂಸಿ ನೋಡಿ ರೇಗುತ್ತೆ. ಶನಿವಾರ ರಾತ್ರಿ ರಜೆ ಯಾರಿಗಿದೆ, ಗೆಬ್‌ಹಾರ್ಡ್?”

ಅವನು ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಈಸ್ಟರ್ ಕಳೆಯುತ್ತಲೇ ಬೇಕರಿಯ ಒಲೆ ಆರಿತ್ತು. ಅಂಗಡಿ ಇದೆ, ರೊಟ್ಟಿ ಮಾತ್ರ ಹೊರಗಿನಿಂದ ಬರುತ್ತದೆ. ಅವನೀಗ ಬೆಟ್ಟದಾಚೆಯ ರೊಟ್ಟಿ ಕಾರ್ಖಾನೆಯಲ್ಲಿ ಯಂತ್ರದ ಪಟ್ಟಿಯ ಮೇಲೆ ಹರಿದುಬರುವ ಹಿಟ್ಟಿನುಂಡೆ ಕಾಯುವವನು. ಹೆಂಡತಿ ಮಲಗಿದ ಮೇಲೆ ಕಾರನ್ನು ಸದ್ದಿಲ್ಲದೆ ಇಳಿಜಾರಿಗೆ ನೂಕಿಕೊಂಡು ಹೋಗುತ್ತಿದ್ದ. ಅವಳು ಏಳುವ ಮೊದಲು ತಂದು ನಿಲ್ಲಿಸುತ್ತಿದ್ದ.

“ಹೇಳಿದ್ದಿದ್ರೆ, ಕೆಲಸ ಹೋದ್ರೆ ಹೋಗ್ಲಿ, ನೀನಿದ್ದೀಯಲ್ಲ ಅಂತ ನಾನು ಅಂತಿರ್ಲಿಲ್ವಾ?” ಎಂದು ಕೇಳಿದಳು ರೋಸ್ವಿತಾ.

“ಅಂತಿದ್ದೆ. ಅದನ್ನೇ ಕೇಳಿಸಿಕೊಳ್ಳೋಕೆ ಆಗ್ತಿರ್ಲಿಲ್ಲ.”

ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. “ಈ ಕೆಮ್ಮೋ ಗಾಡಿ ರಾತ್ರಿ ಆ ತಿರುವಲ್ಲಿ ಕೈಕೊಟ್ಟಿದ್ರೆ ನಿನ್ನನ್ನ ಎಲ್ಲಿ ಹುಡುಕ್ತಿದ್ದೆ ಹೇಳು? ಆ ಆರಿಹೋದ ಒಲೆ ಮುಂದೆ.”

ಹೆಡ್ವಿಗ್ ಎಂಜಿನ್ ತೊಳೆದು ಒಣಗಿಸಿ, ಹೊಸ ವೈರು ಸಿಕ್ಕಿಸಿದಳು. ಎಂಜಿನ್ ಒಂದೇ ಸಮನೆ ಓಡತೊಡಗಿತು. ಗೆಬ್‌ಹಾರ್ಡ್ ಮೆಲ್ಲಗೆ, ಮನೆಗೆ ಹೋಗೋಣವೇ ಎಂದ.

ರೋಸ್ವಿತಾ ಅವನಿಗೆ ಕಾರಿನ ಪಕ್ಕದ ಸೀಟಿನ ಬಾಗಿಲು ತೆರೆದುಕೊಟ್ಟಳು.

“ಮೊದಲು ರಾಪ್ ಮನೆಗೆ. ಕ್ಷಮೆ ನಾನು ಕೇಳ್ತೀನಿ. ಕಳ್ಳ ಯಾರು ಅಂತ ನೀನೇ ಹೇಳು.”